ಮರದ ಸಂತನ ಮೈಬಣ್ಣ

ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ ಆಳೆತ್ತರದ ಸಂತನೊಬ್ಬ ನಿಂತಿದ್ದಾನೆ. ಕಂದು ನಿಲುವಂಗಿ, ಅದರ ತುಂಬ ಹೊನ್ನಿನ ಚಿತ್ತಾರ. ಬಾಯಿ ತುಸು ತೆರೆದಿದೆ. ಎದುರಿಗಿದ್ದವರಿಗೆ ಏನೋ ಹೇಳುತ್ತಿರುವಾಗಲೇ ನಾವು ಒಳಹೊಕ್ಕಂತಿದೆ. ಕಣ್ಣು ಗಾಜಿನದು, ಬೆಳಕು ಬಿದ್ದರೆ ಒದ್ದೆಯಾಗಿ ಹೊಳೆಯುತ್ತದೆ. ಮ್ಯೂಸಿಯಂ ಇದನ್ನು ಪೈನ್ ಮತ್ತು ಸೀಡರ್ ಮರದ ಶಿಲ್ಪ ಎಂದು ದಾಖಲಿಸಿದೆ. ಆದರೆ ನೋಡುವವರ ಕಣ್ಣಿಗೆ ಮರ ಬೀಳುವುದೇ ಇಲ್ಲ. ಕಾಣುವುದೆಲ್ಲ ಜಿಪ್ಸಂ ಪುಡಿ, ಅಂಟು, ಚಿನ್ನದ ರೇಕು, ಮೊಟ್ಟೆಯ ಹಳದಿ, ಎಣ್ಣೆಬಣ್ಣ ಮತ್ತು ಗಾಜು.

ಈತ ಸಂತ ಹಿನೇಸ್ ದೆ ಲಾ ಹಾರಾ. ದಕ್ಷಿಣ ಫ್ರಾನ್ಸಿನಲ್ಲಿ ಇವನ ತಲೆ ಕಡಿದರಂತೆ. ಆ ತಲೆ ರೋನ್ ನದಿ ಸೇರಿ, ಅಲ್ಲಿಂದ ಸಮುದ್ರಕ್ಕೆ ಹೋಗಿ, ತೇಲುತ್ತ ತೇಲುತ್ತ ಸ್ಪೇನಿನ ಮುರ್ಸಿಯಾ ತೀರ ಮುಟ್ಟಿತಂತೆ. ಕಾರ್ತಹೇನಾ ಊರಿನ ಹತ್ತಿರ ಅವನ ಹೆಸರಿನ ಮಠವೂ ಇದೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. 1692ರ ಸುಮಾರಿಗೆ ಈ ಮರಕ್ಕೆ ಉಳಿ ಇಟ್ಟವಳಂತೂ, ತಲೆ ಕಳೆದುಕೊಂಡ ಆ ಸಂತನಿಗೆ ಮರೆಯಲಾಗದಂಥ ತಲೆಯೊಂದನ್ನು ಮಾಡಿಕೊಟ್ಟಳು.

ಹೌದು, ಮಾಡಿದವಳು ಹೆಂಗಸು. ಹೆಸರು ಲೂಯಿಸಾ ರೊಲ್ದಾನ್, ಜನರ ಬಾಯಲ್ಲಿ ‘ಲಾ ರೊಲ್ದಾನಾ’. 1652ರಲ್ಲಿ ಸೆವಿಲ್ ನಗರದಲ್ಲಿ ಹುಟ್ಟಿದಳು. ಅಪ್ಪ ಪೆದ್ರೊ ರೊಲ್ದಾನ್ ಆ ಊರಿನ ದೊಡ್ಡ ಶಿಲ್ಪಿ. ಮಕ್ಕಳು ಬೆಳೆದದ್ದೇ ಉಳಿ, ಕೊಡತಿ, ಬಣ್ಣದ ಬಟ್ಟಲುಗಳ ನಡುವೆ. 1671ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅಪ್ಪ ಒಲ್ಲೆನೆಂದರೂ ಕೇಳದೆ ನ್ಯಾಯಾಲಯದ ಮೊರೆಹೊಕ್ಕು ಲೂಯಿಸ್ ಆಂತೋನಿಯೊ ದೆ ಲೋಸ್ ಆರ್ಕೋಸ್ ಎಂಬ ಶಿಲ್ಪಿಯನ್ನು ಮದುವೆಯಾದಳು. ಕಾದಿಸ್ ನಗರದಲ್ಲಿ ಕೆಲಸ ಮಾಡಿ, ಮ್ಯಾಡ್ರಿಡ್‌ಗೆ ಹೋಗಿ, 1692ರಲ್ಲಿ ದೊರೆ ಎರಡನೇ ಕಾರ್ಲೋಸನ ಆಸ್ಥಾನಶಿಲ್ಪಿಯಾದಳು. ಬಿರುದು ದೊಡ್ಡದು, ಸಂಬಳ ಮಾತ್ರ ಕೈಗೆ ಬರಲಿಲ್ಲ. ಇರಲು ಮನೆ, ಉಣ್ಣಲು ಅನ್ನ ಕೊಡಿಸಿ ಎಂದು ಅರಮನೆಗೆ ಬರೆದ ಅರ್ಜಿಗಳು ಉಳಿದಿವೆ. 1706ರಲ್ಲಿ ತೀರಿಕೊಂಡಾಗಲೂ ಬಡತನ ಬಿಟ್ಟಿರಲಿಲ್ಲ. ಎಲ್ ಎಸ್ಕೊರಿಯಾಲ್ ಅರಮನೆಗೆ ಆಕೆ ಮಾಡಿಕೊಟ್ಟ ದೇವದೂತ ಮೈಕೇಲನ ಶಿಲ್ಪದಲ್ಲಿ ಕಾಲಡಿ ಬಿದ್ದ ಸೈತಾನನ ಮುಖ ಗಂಡನದ್ದೇ ಎಂದು ಜನ ಆಡಿಕೊಳ್ಳುತ್ತಾರೆ. ಪುರಾವೆಯಿಲ್ಲದ ಮಾತು, ಆದರೆ ಸಾಯದೆ ಉಳಿದಿದೆ.

ಸಂತ ಹಿನೇಸನಿಗೆ ಬಣ್ಣ ಹಾಕಿದವನು ಬೇರೆಯೇ ಒಬ್ಬ: ಲೂಯಿಸಾಳ ಮೈದುನ ತೊಮಾಸ್ ದೆ ಲೋಸ್ ಆರ್ಕೋಸ್. ಮ್ಯೂಸಿಯಂನವರು ಇಬ್ಬರ ಹೆಸರನ್ನೂ ಹಾಕಿದ್ದಾರೆ. ಇದು ಸೌಜನ್ಯಕ್ಕೆ ಹಾಕಿದ್ದಲ್ಲ. ಇಂಥ ಶಿಲ್ಪದಲ್ಲಿ ಬಣ್ಣವೆಂದರೆ ಶಿಲ್ಪದ ಅರ್ಧ ಭಾಗ. ಈ ಸಂಗತಿಯನ್ನು ಮರೆತ ಕಡೆಗಳಲ್ಲೇ ಶಿಲ್ಪಗಳು ಹೆಚ್ಚು ಹಾಳಾಗಿವೆ, ಅದೂ ರಿಪೇರಿಯ ಹೆಸರಿನಲ್ಲಿ. ನಾನು ಹೇಳಹೊರಟಿರುವುದು ಇಷ್ಟೆ. ಆದರೆ ಅದಕ್ಕೆ ಮೊದಲು ಮರದಿಂದ ಶುರುಮಾಡಬೇಕು.

ಆಳೆತ್ತರದ ಪ್ರತಿಮೆಯನ್ನು ಒಂದೇ ದಿಮ್ಮಿಯಲ್ಲಿ ಕೆತ್ತಿದರೆ ಅದು ಸೀಳುವುದು ಖಚಿತ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುವುದು ಬಹಳ. ಅಡ್ಡಕ್ಕೆ ಕುಗ್ಗುವಾಗಲೂ ಸಮನಾಗಿ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸರಿಸುಮಾರು ಎರಡರಷ್ಟು. ಈ ಎಳೆದಾಟದಲ್ಲಿ ಇಡೀ ದಿಮ್ಮಿ ಬಿರಿಯುತ್ತದೆ. ಅದಕ್ಕೆಂದೇ ಹಲಗೆ ಮತ್ತು ತುಂಡುಗಳನ್ನು ಅಂಟಿನಿಂದ ಕೂಡಿಸಿ, ಮೊಳೆ ಹೊಡೆದು, ಒಳಗನ್ನು ಪೊಳ್ಳಾಗಿಟ್ಟು ಮೈ ಕಟ್ಟುತ್ತಿದ್ದರು. ಪೊಳ್ಳಾದರೆ ಬಿರುಕೂ ಕಡಿಮೆ, ಭಾರವೂ ಕಡಿಮೆ. ಹಬ್ಬದ ದಿನ ಪ್ರತಿಮೆಗಳನ್ನು ಹೆಗಲ ಮೇಲೆ ಹೊತ್ತು ಬೀದಿ ಸುತ್ತುವ ನಾಡಿನಲ್ಲಿ ಭಾರದ ಲೆಕ್ಕ ಸಣ್ಣದಲ್ಲ. ಚಾಚಿದ ಕೈ, ಬಟ್ಟೆಯ ತುದಿ, ಮುಂಗಾಲು ಇವೆಲ್ಲ ಬೇರೆ ಬೇರೆ ತುಂಡುಗಳು.

ತಲೆಯದು ಇನ್ನೊಂದು ಜಾಣತನ. ಕಣ್ಣು ಗಾಜಿನದಾದರೆ ಅದನ್ನು ಕೂರಿಸುವುದು ಹೇಗೆ? ಮುಂದಿನಿಂದ ತೂರಿಸಿದರೆ ರೆಪ್ಪೆ ಒಡೆದುಹೋಗುತ್ತದೆ. ಹಾಗಾಗಿ ಮುಖವನ್ನು ಮುಖವಾಡದಂತೆ ತಲೆಯಿಂದ ಬೇರೆಯಾಗಿಸಿ, ಹಿಂಬದಿಯನ್ನು ಕೊರೆದು, ಒಳಬದಿಯಿಂದ ಪಾಪೆ ಬರೆದ ಗಾಜಿನ ಬಟ್ಟಲನ್ನು ಹಿಂದಿನಿಂದ ಕೂರಿಸಿ, ಆಮೇಲೆ ಮುಖವನ್ನು ತಲೆಗೆ ಅಂಟಿಸುತ್ತಿದ್ದರು. ಕೆಲವರು ದಂತದ ಹಲ್ಲು, ಕೊಂಬಿನ ಉಗುರು, ಕೂದಲಿನ ರೆಪ್ಪೆ, ಗಾಜಿನ ಕಂಬನಿ ಸೇರಿಸಿದ್ದೂ ಉಂಟು.

ಇಷ್ಟಾದ ಮೇಲೆ ಶಿಲ್ಪಿಯ ಕೈ ನಿಲ್ಲಬೇಕು. ಸ್ಪೇನಿನ ಕಸುಬುದಾರರ ಸಂಘಗಳ ಕಟ್ಟಳೆ ಹಾಗಿತ್ತು: ಕೆತ್ತುವವರಿಗೆ ಒಂದು ಪರವಾನಗಿ, ಬಣ್ಣ ಹಚ್ಚುವವರಿಗೆ ಇನ್ನೊಂದು. ಈ ಗೆರೆ ದಾಟಿದಾಗ ಜಗಳಗಳಾದವು. ಸೆವಿಲ್‌ನ ಮಹಾಶಿಲ್ಪಿ ಹುವಾನ್ ಮಾರ್ತಿನೆಸ್ ಮೊಂತಾನ್ಯೆಸ್ 1620ರ ದಶಕದ ಆರಂಭದಲ್ಲಿ ಸಾಂತಾ ಕ್ಲಾರಾ ಕಾನ್ವೆಂಟಿನ ಬಲಿಪೀಠದ ಕೆತ್ತನೆ, ಬಣ್ಣ ಎರಡರ ಗುತ್ತಿಗೆಯನ್ನೂ ತಾನೇ ಹಿಡಿದು ಹಣದ ಸಿಂಹಪಾಲು ಇಟ್ಟುಕೊಂಡ. ಚಿತ್ರಕಾರ ಫ್ರಾನ್ಸಿಸ್ಕೊ ಪಚೇಕೊಗೆ ಮೈ ಉರಿಯಿತು. 1622ರಲ್ಲಿ ಕರಪತ್ರ ಅಚ್ಚು ಹಾಕಿಸಿ, ಬಣ್ಣದವನಿಲ್ಲದೆ ಕೆತ್ತಿದವನ ಕೆಲಸಕ್ಕೆ ಜೀವ ಬರುವುದಿಲ್ಲ ಎಂದು ವಾದ ಹೂಡಿದ. ಪಚೇಕೊ ಸಾಮಾನ್ಯನಲ್ಲ, ಹೆಸರಾಂತ ಚಿತ್ರಕಾರ ವೆಲಾಸ್ಕೆಸ್‌ಗೆ ಚಿತ್ರ ಕಲಿಸಿದ ಗುರು, ಅವನ ಮಾವ ಕೂಡ. ಮೊಂತಾನ್ಯೆಸನ ಶಿಲ್ಪಗಳಿಗೆ ತಾನೇ ಬಣ್ಣ ಹಾಕಿದ್ದವನು. ಹಣದ ಜಗಳ ಎನ್ನಿ, ಮಾನದ ಜಗಳ ಎನ್ನಿ, ನನಗಂತೂ ಪಚೇಕೊನ ಪಕ್ಷವೇ ಸರಿ ಕಾಣುತ್ತದೆ.

ಅವನು ಬರೆದಿಟ್ಟ ಚಿತ್ರಕಲೆಯ ಗ್ರಂಥ 1649ರಲ್ಲಿ, ಅವನು ತೀರಿಕೊಂಡ ಮೇಲೆ, ಅಚ್ಚಾಯಿತು. ಬಣ್ಣದ ಕೆಲಸದ ಒಳಗುಟ್ಟು ನಮಗೆ ತಿಳಿಯುವುದು ಹೆಚ್ಚಾಗಿ ಅದರಿಂದಲೇ. ಮೊದಲು ಮರದ ಗಂಟುಗಳ ಆರೈಕೆ, ಏಕೆಂದರೆ ಅಲ್ಲಿಂದ ರಾಳ ಒಸರಿ ಬಣ್ಣವನ್ನು ಎತ್ತಿಬಿಡುತ್ತದೆ. ಆಮೇಲೆ ತೊಗಲು ಕುದಿಸಿ ತೆಗೆದ ಅಂಟಿಗೆ, ನಮ್ಮ ಬಡಗಿಗಳು ಮರವಜ್ರ ಎನ್ನುವಂಥದ್ದಕ್ಕೆ, ಬೆಳ್ಳುಳ್ಳಿ ಸೇರಿಸಿ ಬಿಸಿಬಿಸಿಯಾಗಿ ಬಳಿಯುವುದು. ಬೆಸೆದ ಜಾಗಗಳ ಮೇಲೆ ನಾರುಬಟ್ಟೆಯ ಪಟ್ಟಿ. ಅದರ ಮೇಲೆ ಅಂಟಿನಲ್ಲಿ ಕಲಸಿದ ಒರಟು ಜಿಪ್ಸಂ ಹಲವು ಸಲ. ಅದರ ಮೇಲೆ ನೀರಿನಲ್ಲಿ ಬಹುಕಾಲ ನೆನೆಸಿ ನುಣುಪು ಮಾಡಿದ ಜಿಪ್ಸಂ ಹಲವು ಸಲ. ಒಣಗಿಸು, ಉಜ್ಜು, ಮತ್ತೆ ಬಳಿ. ಮೈಸೂರು ಚಿತ್ರಗಳಲ್ಲಿ ದೇವರ ಒಡವೆ, ಕಿರೀಟಗಳಿಗೆ ಉಬ್ಬು ಕೊಟ್ಟು ಮೇಲೆ ಚಿನ್ನದ ರೇಕು ಕೂರಿಸುವ ಜೆಸ್ಸೊ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಈ ತಾಳ್ಮೆ ಹೊಸದೆನಿಸುವುದಿಲ್ಲ. ಇಲ್ಲಿ ಮಾತ್ರ ಅದು ಅಡಿಯಿಂದ ಮುಡಿಯವರೆಗೆ. ಈ ಬಿಳಿ ಪದರ ದಪ್ಪವಾದರೆ ಕೆತ್ತನೆಯ ಸೂಕ್ಷ್ಮವೆಲ್ಲ ಮುಚ್ಚಿಹೋಗುತ್ತದೆ, ತೆಳುವಾದರೆ ಮರದ ನಾರು ಎದ್ದು ಕಾಣುತ್ತದೆ. ಕೆಲವೊಮ್ಮೆ ಸುಕ್ಕು, ಕೂದಲೆಳೆಗಳನ್ನು ಈ ಬಿಳಿಯ ಮೇಲೇ ಮತ್ತೆ ತಿದ್ದಿ ತೀಡುತ್ತಿದ್ದರು.

ಉಡುಪಿಗೆ ಎಸ್ತೊಫಾದೊ ಎಂಬ ಕ್ರಮ. ನನ್ನ ಪಾಲಿಗೆ ಇಡೀ ಕಸುಬಿನ ಸೊಗಸು ಇರುವುದು ಇದರಲ್ಲೇ. ಬಿಳಿ ನೆಲದ ಮೇಲೆ ನುಣುಪಾದ ಕೆಂಪು ಜೇಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಾರೆ. ಅದನ್ನು ನೀರಿನಿಂದ ತೇವ ಮಾಡಿ, ಉಸಿರು ತಾಕಿದರೂ ಹಾರಿಹೋಗುವ ಚಿನ್ನದ ರೇಕನ್ನು ಒಂದರ ಪಕ್ಕ ಒಂದು ಇಡುತ್ತಾರೆ. ಒಣಗಿದ ಮೇಲೆ ಅಗೇಟ್ ಕಲ್ಲಿನಿಂದ ಉಜ್ಜಿದರೆ, ಅಡಿಯ ಜೇಡಿಯ ಮೆತ್ತನೆಯಲ್ಲಿ ಚಿನ್ನ ನುಣುಪಾಗಿ ಕೂತು ಎರಕದ ಲೋಹದಂತೆ ಥಳಥಳಿಸುತ್ತದೆ. ಇಷ್ಟು ಕಷ್ಟಪಟ್ಟು ಮಾಡಿದ ಬಂಗಾರವನ್ನು ಮರುಕ್ಷಣವೇ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದಿಂದ ಪೂರ್ತಿ ಮುಚ್ಚಿಬಿಡುತ್ತಾರೆ! ಸಂತ ಹಿನೇಸನ ನಿಲುವಂಗಿಯಲ್ಲಿ ಆ ಬಣ್ಣ ಕಂದು. ಅದು ಪೂರ್ತಿ ಗಟ್ಟಿಯಾಗುವ ಮೊದಲು ಮೊಂಡು ಕಡ್ಡಿಯಿಂದ ಗೀರಿ ಗೀರಿ ಬಣ್ಣ ತೆಗೆಯುತ್ತಾರೆ. ಗೀರಿದಲ್ಲೆಲ್ಲ ಚಿನ್ನ ಇಣುಕುತ್ತದೆ: ಹೂವು, ಬಳ್ಳಿ, ನೇಯ್ಗೆಯ ಎಳೆಯಂಥ ಸಾಲುಗೆರೆ. ಚಿನ್ನಕ್ಕೆ ಸಣ್ಣ ಅಚ್ಚುಗಳನ್ನು ಒತ್ತಿ ಚುಕ್ಕಿ ಮೂಡಿಸಿದರೆ ಬೆಳಕು ಅಲ್ಲಿ ಒಡೆದು ಚದುರುತ್ತದೆ. ಮೇಣದಬತ್ತಿಯ ಉರಿ ಅಲುಗಿದಾಗ ಸಂತ ಉಸಿರಾಡಿದಂತೆ ಭಕ್ತರಿಗೆ ಕಂಡಿದ್ದರೆ, ಕಾರಣ ಈ ಚುಕ್ಕಿಗಳು. ಮ್ಯೂಸಿಯಂನ ಅಲುಗದ ವಿದ್ಯುದ್ದೀಪದಡಿ ನಾವು ನೋಡುವುದು ಅದರ ಒಂದು ಪಾಲನ್ನು ಮಾತ್ರ.

ಮುಖ, ಕೈಕಾಲುಗಳಿಗೆ ಚಿನ್ನವಿಲ್ಲ. ಅಲ್ಲಿ ಸೀಸದ ಬಿಳಿ, ಹಿಂಗುಳಿಕ ಮತ್ತು ಅರಗಿನ ಕೆಂಪುಗಳನ್ನು ಬೆರೆಸಿದ ಎಣ್ಣೆಬಣ್ಣ. ಹಿಂದೆ ಚರ್ಮದ ಬಣ್ಣವನ್ನು ಒದ್ದೆ ತೊಗಲಿನಿಂದ ಉಜ್ಜಿ ಪಿಂಗಾಣಿಯಂತೆ ಹೊಳೆಯಿಸುವ ರೂಢಿಯಿತ್ತು. ಪಚೇಕೊ ಅದನ್ನು ಖಂಡಿಸಿದ. ಮನುಷ್ಯರ ಚರ್ಮ ಹೀಗೆ ಮಿರುಗುವುದಿಲ್ಲ, ಹೊಳಪಿಲ್ಲದ ಬಣ್ಣವೇ ಸರಿ, ಹೊಳಪು ಬೇಕಾದದ್ದು ಕಣ್ಣಿಗೆ ಮಾತ್ರ ಎಂಬುದು ಅವನ ನಿಲುವು. ಗಡ್ಡ ಹೆರೆದ ಕೆನ್ನೆಯ ನೀಲಿಛಾಯೆ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕೆಂಪು, ಮಣಿಕಟ್ಟಿನ ನರ ಇವೆಲ್ಲ ಕುಂಚದ ಕೆಲಸ, ಉಳಿಯದ್ದಲ್ಲ.

ಇಷ್ಟೆಲ್ಲ ಇದ್ದರೂ ಕಲೆಯ ಇತಿಹಾಸ ಬರೆದವರು ಈ ಶಿಲ್ಪಗಳನ್ನು ಬಹುಕಾಲ ಹೊರಗೇ ನಿಲ್ಲಿಸಿದ್ದರು. ಶಿಲ್ಪವೆಂದರೆ ಬಿಳಿ ಅಮೃತಶಿಲೆ ಅಥವಾ ಕಂಚು. ಬಣ್ಣ ಹಚ್ಚಿದ್ದು ಜಾತ್ರೆಯ ಬೊಂಬೆ ಎಂಬ ಹಮ್ಮು ಅವರದು. ಲಂಡನ್ನಿನ ನ್ಯಾಷನಲ್ ಗ್ಯಾಲರಿ 2009ರಲ್ಲಿ ಈ ಸ್ಪ್ಯಾನಿಷ್ ಶಿಲ್ಪಗಳನ್ನು ವೆಲಾಸ್ಕೆಸ್, ಸುರ್ಬರಾನ್ ಚಿತ್ರಗಳ ಪಕ್ಕದಲ್ಲಿಟ್ಟು ಪ್ರದರ್ಶನ ಮಾಡಿದಾಗ ಅನೇಕರಿಗೆ ಕಣ್ಣು ತೆರೆಯಿತು. ಅಷ್ಟು ಹೊತ್ತಿಗೆ ಹಾನಿ ಸಾಕಷ್ಟಾಗಿತ್ತು. ಉತ್ತರ ಯುರೋಪಿನಲ್ಲಿ 19ನೇ ಶತಮಾನದಲ್ಲಿ ಎಷ್ಟೋ ಹಳೆಯ ಮರದ ಪ್ರತಿಮೆಗಳ ಬಣ್ಣವನ್ನು, ‘ಶುದ್ಧ ಮರ’ ಕಾಣಲೆಂದು, ಕ್ಷಾರದಲ್ಲಿ ನೆನೆಸಿ ಕೆರೆದುಹಾಕಿದ್ದರು. ಸ್ಪೇನಿನಲ್ಲಿ ಆದದ್ದು ತದ್ವಿರುದ್ಧ. ಅಲ್ಲಿ ಪ್ರೀತಿ ಹೆಚ್ಚಾಗಿ, ತಲೆಮಾರಿಗೊಮ್ಮೆ ಹೊಸ ಬಣ್ಣ ಬಳಿದರು. ರೇಷ್ಮೆ ಉಡಿಸಲೆಂದು ಕೆತ್ತಿದ ಮಡಿಕೆಗಳನ್ನು ಕತ್ತರಿಸಿದರು. ಬೆಳ್ಳಿ ಕಿರೀಟ ನಿಲ್ಲಲೆಂದು ನೆತ್ತಿಗೆ ಮೊಳೆ ಹೊಡೆದರು. ಮುತ್ತಿಟ್ಟು ಮುತ್ತಿಟ್ಟು ಪಾದದ ಬಣ್ಣ ಸವೆಯಿತು, ಮೇಣದ ಹೊಗೆ ಮುಖಕ್ಕೆ ಮೆತ್ತಿತು.

ಜನ ಏನೂ ಮಾಡದೆ ಬಿಟ್ಟರೂ ಹವೆ ಬಿಡುವುದಿಲ್ಲ. ತೇವ ಏರಿದಾಗ ಮರ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಮೇಲಿನ ಜಿಪ್ಸಂ ಪದರಕ್ಕೆ ಆ ಹಿಗ್ಗುಕುಗ್ಗಿನ ಶಕ್ತಿಯಿಲ್ಲ. ಅದು ಬಿರಿದು, ಚಕ್ಕೆಯೆದ್ದು, ಚಿನ್ನ ಬಣ್ಣಗಳ ಸಮೇತ ಉದುರುತ್ತದೆ. ಮರದೊಳಗೆ ಕುಟ್ಟೆಹುಳು ಸೇರಿದರೆ ಹೊರಗೆ ಗುಂಡುಸೂಜಿಯ ತಲೆಯಷ್ಟು ತೂತು, ಒಳಗೆ ಬರೀ ಪುಡಿ. ಮೊದಲೆಲ್ಲ ವಿಷಾನಿಲ ಹಾಯಿಸುತ್ತಿದ್ದರು. ಈಗ ಪ್ರತಿಮೆಯನ್ನು ಗಾಳಿಯಾಡದ ಚೀಲದೊಳಗೆ ಮುಚ್ಚಿ, ಸಾರಜನಕ ತುಂಬಿ, ಆಮ್ಲಜನಕವನ್ನು ಹೆಚ್ಚುಕಡಿಮೆ ಸೊನ್ನೆಗಿಳಿಸಿ ಕೆಲವು ವಾರ ಬಿಡುತ್ತಾರೆ. ಹುಳು, ಮರಿ, ಮೊಟ್ಟೆ ಎಲ್ಲ ಉಸಿರುಗಟ್ಟಿ ಸಾಯುತ್ತವೆ, ಬಣ್ಣಕ್ಕೆ ಹನಿ ವಿಷವೂ ತಾಗುವುದಿಲ್ಲ.

ಸಂರಕ್ಷಕರು ಕೈ ಹಚ್ಚುವ ಮೊದಲು ನೋಡುವುದೇ ಬಹಳ. ಎಕ್ಸ್-ರೇ ತೆಗೆದರೆ ಮೊಳೆ, ಬೆಸುಗೆ, ಪೊಳ್ಳು ಎಲ್ಲ ಕಾಣುತ್ತವೆ. ಸೀಸದ ಬಿಳಿ ಇರುವ ಮುಖ ಬೆಳ್ಳಗೆ ಬೆಳಗುತ್ತದೆ. ನೇರಳಾತೀತ ಬೆಳಕಿನಲ್ಲಿ ಹಳೆಯ ವಾರ್ನಿಷ್ ಹಸಿರಾಗಿ, ಇತ್ತೀಚಿನ ತೇಪೆಗಳು ಕಪ್ಪಾಗಿ ತೋರುತ್ತವೆ. ಈಗಾಗಲೇ ಒಡೆದಿರುವ ಅಂಚಿನಿಂದ ಸಾಸಿವೆಗಿಂತ ಸಣ್ಣ ಚೂರು ತೆಗೆದು, ರಾಳದಲ್ಲಿ ಹುದುಗಿಸಿ, ಅಡ್ಡಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಇಡೀ ಚರಿತ್ರೆ ಪದರಪದರವಾಗಿ ತೆರೆದುಕೊಳ್ಳುತ್ತದೆ: ಮರದ ಮೇಲಿನ ಅಂಟು, ಎರಡು ಬಗೆಯ ಜಿಪ್ಸಂ, ಕೆಂಪು ಜೇಡಿ, ಗೆರೆಯಷ್ಟೇ ಕಾಣುವ ಚಿನ್ನ, ಬಣ್ಣ, ಕೊಳೆ, ಆ ಕೊಳೆಯ ಮೇಲೆ ಇನ್ನೊಂದು ಬಣ್ಣ. ನಡುವೆ ಕೊಳೆ ಸಿಕ್ಕಿತೆಂದರೆ ಮೇಲಿನದು ಆಮೇಲೆ ಬಂದದ್ದೆಂದು ಅರ್ಥ. ಬಣ್ಣಗಳೇ ಕಾಲವನ್ನೂ ಹೇಳುತ್ತವೆ. ಪ್ರಷ್ಯನ್ ನೀಲಿ 18ನೇ ಶತಮಾನದ ಆರಂಭಕ್ಕೆ ಮೊದಲು ಇರಲೇ ಇಲ್ಲ; ಟೈಟಾನಿಯಂ ಬಿಳಿ ಬಂದದ್ದು 20ನೇ ಶತಮಾನದಲ್ಲಿ. 1692ರ ಸಂತನ ಕೆನ್ನೆಯಲ್ಲಿ ಟೈಟಾನಿಯಂ ಸಿಕ್ಕರೆ ಆ ಕೆನ್ನೆ ತೊಮಾಸನದಲ್ಲ.

ಒಮ್ಮೊಮ್ಮೆ ಪುರಾವೆ ಕಾಗದದ ರೂಪದಲ್ಲೇ ಒಳಗೆ ಕೂತಿರುತ್ತದೆ. ಕಾದಿಸ್ ಕೆಥೆಡ್ರಲ್‌ನಲ್ಲಿ ಮುಳ್ಳಿನ ಕಿರೀಟದ, ಕೈ ಕಟ್ಟಿದ ಕ್ರಿಸ್ತನ ಪ್ರತಿಮೆಯೊಂದಿದೆ. 1980ರ ದಶಕದಲ್ಲಿ ಅದರ ದುರಸ್ತಿ ನಡೆಯುವಾಗ ತಲೆಯ ಪೊಳ್ಳಿನಲ್ಲಿ ಒಂದು ಬರಹ ಸಿಕ್ಕಿತು. ಇದನ್ನು 1684ರಲ್ಲಿ ಲೂಯಿಸಾ ರೊಲ್ದಾನ್ ಗಂಡನ ಜೊತೆಗೂಡಿ ಮಾಡಿದಳು ಎಂಬುದು ಅದರ ಸಾರಾಂಶ. ಮದುವೆಯಾದ ಹೆಂಗಸಿನ ಕೆಲಸಕ್ಕೆ ಗಂಡನೇ ಕರಾರಿನ ಸಹಿ ಹಾಕುತ್ತಿದ್ದ ಕಾಲ ಅದು. ಹೊರಗಿನ ಕಾಗದಪತ್ರದಲ್ಲಿ ಸಿಗದ ಜಾಗ ಅವಳ ಹೆಸರಿಗೆ ದೇವರ ತಲೆಯೊಳಗೆ ಸಿಕ್ಕಿತ್ತು, ಮುನ್ನೂರು ವರ್ಷ.

ಇನ್ನು ಚಿಕಿತ್ಸೆ. ಎದ್ದ ಚಕ್ಕೆಗಳ ಅಡಿಗೆ ಮೀನಿನ ಗಾಳಿಚೀಲದಿಂದ ತೆಗೆದ ತಿಳಿಯಂಟನ್ನು ಕುಂಚದ ತುದಿಯಿಂದ ಇಳಿಬಿಟ್ಟು, ಮೇಲೆ ಜಪಾನಿ ಕಾಗದವಿಟ್ಟು, ಬೆಚ್ಚನೆಯ ಸಣ್ಣ ಕರಣೆಯಿಂದ ಒತ್ತಿ ಕೂರಿಸುತ್ತಾರೆ. ಒಂದು ತೋಳಿಗೇ ವಾರಗಟ್ಟಲೆ ಹಿಡಿಯುವ ಕೆಲಸ. ಕೊಳೆ ತೆಗೆಯುವುದು ಇನ್ನೂ ಸೂಕ್ಷ್ಮ, ಏಕೆಂದರೆ ಒಂದೇ ಪ್ರತಿಮೆಯಲ್ಲಿ ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಮುಖದ ಎಣ್ಣೆಬಣ್ಣ ತುಸು ತೇವ ತಡೆಯುತ್ತದೆ. ಅಲ್ಲಿಗೆ ಹತ್ತಿಯ ತುದಿಗೆ ಅಂಟಿಸಿದ ಎಂಜಲೇ ಒಳ್ಳೆಯ ಮದ್ದು. ತಮಾಷೆಯಲ್ಲ, ಎಂಜಲಿನಲ್ಲಿರುವ ಕಿಣ್ವಗಳು ಕೊಳೆಯನ್ನು ಮೆಲ್ಲಗೆ ಬಿಡಿಸುತ್ತವೆ. ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೂ ಇದು ರೂಢಿಯಲ್ಲಿದೆ. ಅದೇ ಹತ್ತಿಯನ್ನು ಎರಡಂಗುಲ ಕೆಳಗಿಳಿಸಿ ಕೊರಳಪಟ್ಟಿಯ ಚಿನ್ನಕ್ಕೆ ತಾಕಿಸಿದರೆ ಕೆಟ್ಟಿತು. ಅಡಿಯ ಜೇಡಿ, ಜಿಪ್ಸಂಗಳಿಗೆ ಇರುವ ಅಂಟು ನೀರಿಗೆ ಕರಗುವಂಥದ್ದು. ಉಜ್ಜಿದ ಬಂಗಾರ ಹತ್ತಿಯ ಜೊತೆ ಎದ್ದುಬರುತ್ತದೆ.

ಉದುರಿದ ಜಾಗ ತುಂಬುವಾಗ ಇಟಲಿಯವರು ರೂಢಿಗೆ ತಂದ ಕ್ರಮವೊಂದಿದೆ. ಸಣ್ಣ ಸಣ್ಣ ಲಂಬಗೆರೆಗಳಲ್ಲಿ ಬಣ್ಣ ಇಡುವುದು; ದೂರದಿಂದ ಒಂದಾಗಿ ಕಾಣುತ್ತದೆ, ಹತ್ತಿರ ಹೋದರೆ ಇದು ಹೊಸದು ಎಂದು ತಾನೇ ಹೇಳುತ್ತದೆ. ಬೇಕೆಂದಾಗ ಮೂಲಕ್ಕೆ ನೋವಾಗದಂತೆ ತೆಗೆಯಲೂ ಬರಬೇಕು. ಮೇಲ್ಬಣ್ಣ ತೆಗೆಯುವ ಪ್ರಶ್ನೆ ಮಾತ್ರ ಇಷ್ಟು ಸುಲಭವಲ್ಲ. 18ನೇ ಶತಮಾನದ ಒಳ್ಳೆಯ ಕಲಾವಿದನೊಬ್ಬ 17ನೇ ಶತಮಾನದ ಮುಖದ ಮೇಲೆ ಬಣ್ಣ ಹಾಕಿದ್ದರೆ ಯಾವುದನ್ನು ಉಳಿಸುವುದು? ಅಡಿಯದು ಅರ್ಧ ಉದುರಿಹೋಗಿ, ಮೇಲಿನದು ಪೂರ್ತಿ ಇದ್ದರೆ? ಇದಕ್ಕೆ ಸೂತ್ರವಿಲ್ಲ, ಪ್ರತಿಸಲ ಹೊಸದಾಗಿ ವಾದಿಸಿ ತೀರ್ಮಾನಿಸಬೇಕು.

ವಾದವಿಲ್ಲದೆ ಬಣ್ಣ ಬಳಿದರೆ ಏನಾಗುತ್ತದೆಂದು 2018ರಲ್ಲಿ ಸ್ಪೇನಿನ ಎಸ್ತೆಯ್ಯಾ ಊರಿನ ಚರ್ಚ್ ತೋರಿಸಿತು. 16ನೇ ಶತಮಾನದ, ಕುದುರೆ ಏರಿದ ಸಂತ ಜಾರ್ಜ್‌ನಿಗೆ ಯಾರೋ ಗುಲಾಬಿ ಮುಖ, ಢಾಳಾದ ಕವಚ ಬಳಿದರು; ಫೋಟೊ ಜಗತ್ತೆಲ್ಲ ಸುತ್ತಿ ನಗೆಪಾಟಲಾಯಿತು. ನವಾರ್ ಪ್ರಾಂತ್ಯದ ತಜ್ಞರು ಆ ಹೊಸ ಬಣ್ಣವನ್ನು ತೆಗೆದು ಪ್ರತಿಮೆಯನ್ನು ಹಿಂದಿನ ರೂಪಕ್ಕೆ ತಂದರು. ಆದರೆ ಬಳಿಯುವ ಮೊದಲು ಕೆರೆದುಹಾಕಿದ್ದ ಮೂಲಬಣ್ಣ ಮರಳಲಿಲ್ಲ. ಹೋದದ್ದು ಅರ್ಧಕ್ಕೆ ತುಸುವೇ ಕಡಿಮೆ.

ಅದು ಅರಿಯದವರ ಕೆಲಸ ಎಂದು ನಕ್ಕು ಮುಗಿಸಬಹುದಿತ್ತು. 2025ರ ಜೂನ್‌ನಲ್ಲಿ ಸೆವಿಲ್‌ನಲ್ಲಿ ನಡೆದದ್ದು ಹಾಗಲ್ಲ. ಅಲ್ಲಿನ ಮಕರೇನಾ ಮಾತೆ ಎಂದರೆ 17ನೇ ಶತಮಾನದ ಕೊನೆಗೆ ಮಾಡಿದ, ಮೇರಿ ಮಾತೆಯ ಮರದ ಪ್ರತಿಮೆ, ಕೆನ್ನೆಯ ಮೇಲೆ ಗಾಜಿನ ಐದು ಕಂಬನಿ. ಮಾಡಿದವರು ಯಾರೆಂದು ದಾಖಲೆಯಿಲ್ಲ; ಹೆಂಗಸಿನ ಕೈಯೇ ಇರಬೇಕೆಂದು ಲೂಯಿಸಾಳ ಹೆಸರು ಹೇಳುವವರು ಬಹಳ. ನುರಿತವರೇ ಮಾಡಿದ ಶುಚಿಕಾರ್ಯದ ನಂತರ ಬಾಗಿಲು ತೆರೆದಾಗ ಭಕ್ತರು ಕಂಡದ್ದು ಉದ್ದುದ್ದ ರೆಪ್ಪೆಗೂದಲಿನ, ಬೇರೆಯದೇ ನೋಟದ ಮುಖ. ಬೆಸಿಲಿಕಾದ ಎದುರು ಜನ ನೆರೆದರು, ಕೂಗಾಡಿದರು, ಅತ್ತರು. ಗಂಟೆಗಳೊಳಗೆ ರೆಪ್ಪೆಯನ್ನು ಮತ್ತೆ ತಿದ್ದಿದರೂ ಸಮಾಧಾನವಾಗಲಿಲ್ಲ. ಪ್ರತಿಮೆಯ ಹೊಣೆ ಹೊತ್ತ ಭಕ್ತಸಂಘ ಕ್ಷಮೆ ಕೇಳಿ, ಬೇರೆ ತಜ್ಞರನ್ನು ಕರೆಸಬೇಕಾಯಿತು.

ಕೂದಲಿನ ರೆಪ್ಪೆ ಮುನ್ನೂರು ವರ್ಷ ಉಳಿಯುವ ವಸ್ತುವಲ್ಲ, ಅದನ್ನು ಆಗಾಗ ಬದಲಿಸಲೇಬೇಕು. ಭಕ್ತರು ‘ನಮ್ಮ ಮಾತೆಯ ಮುಖ’ ಎಂದು ಹಟ ಹಿಡಿದ ಮುಖವೂ 20ನೇ ಶತಮಾನದ ದುರಸ್ತಿಗಳನ್ನು ಹಾದು ಬಂದದ್ದೇ. ಹಾಗೆಂದು ಅವರ ಅಳಲನ್ನು ತಳ್ಳಿಹಾಕಲು ನನಗೆ ಮನಸ್ಸಾಗದು. ಲಾಸ್ ಏಂಜಲೀಸ್‌ನ ಹಿನೇಸ್ ತನ್ನ ಊರು, ತನ್ನ ಭಕ್ತರು ಯಾರೂ ಇಲ್ಲದೆ ನಿಂತಿದ್ದಾನೆ. ಅವನ ಮುಖದ ಬಗ್ಗೆ ತೀರ್ಮಾನಿಸುವವರು ಪ್ರಯೋಗಾಲಯದವರು ಮಾತ್ರ. ಮಕರೇನಾಳ ಮುಖವನ್ನು ಪ್ರತಿವರ್ಷ ಬೀದಿಯಲ್ಲಿ ಕಣ್ತುಂಬ ನೋಡಿ ಬಾಯಿಪಾಠ ಮಾಡಿಕೊಂಡವರು ಒಂದು ಊರಿನಷ್ಟು ಜನರಿದ್ದಾರೆ. ರೆಪ್ಪೆ ಕೆಲವೇ ಮಿಲಿಮೀಟರ್ ಹೆಚ್ಚಾದದ್ದನ್ನು, ಯಾವ ಉಪಕರಣವೂ ಇಲ್ಲದೆ, ಬಾಗಿಲು ತೆರೆದ ಕೂಡಲೇ ಪತ್ತೆಹಚ್ಚಿದವರು ಅವರೇ.